ಮೇಷ್ಟ್ರ ವರಾಂಡದ ಬಿಪಿ ಮೆಷಿನ್

ಮೊನ್ನೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ಬ್ಯಾಗುಗಳನ್ನು ಒಂದೊಂದಾಗಿ ಕೊಕ್ಕೆಗೆ ನೇತುಹಾಕುತ್ತಿದ್ದೆ. ಬೋಣಿಗೆ ಬಂದ ಹೆಣ್ಣುಮಗಳೊಬ್ಬಳು ಊಟದ ಡಬ್ಬಿಯ ಬ್ಯಾಗನ್ನು ಕೈಗೆತ್ತಿಕೊಂಡು ಅದರ ಮುಚ್ಚಳದ ವೆಲ್ಕ್ರೋ ಅಂಟುಪಟ್ಟಿಯನ್ನು ಚರ್ರನೆ ಕಿತ್ತಳು. ಮುಚ್ಚಿದಳು. ಮತ್ತೆ ಕಿತ್ತಳು. ಗಿರಾಕಿಗಳು ಪರೀಕ್ಷೆ ಮಾಡುವುದೇ ಹೀಗೆ, ಮಾಡಲೂ ಬೇಕು. ಆದರೆ ಎರಡನೇ ಸಲ ಆ ಸದ್ದು ಬಂದಾಗ ನನ್ನ ಎಡಗೈ ತನ್ನಷ್ಟಕ್ಕೆ ತಾನೇ ಕೌಂಟರಿನ ಮೇಲೆ ಚಾಚಿಕೊಂಡಿತ್ತು. ಅಂಗೈ ಮೇಲ್ಮುಖ, ಬೆರಳು ಸಡಿಲ... ಯಾರೋ ತೋಳಿಗೆ ಬಿಪಿ ಪಟ್ಟಿ ಸುತ್ತಲಿ ಎಂದು ಕಾಯುವವನ ಹಾಗೆ.

"ಏನಣ್ಣ, ರೇಟು ಹೇಳೋಕ್ ಮುಂಚೇನೇ ಕೈ ಚಾಚ್ಬಿಟ್ರಿ?" ಎಂದು ಅವಳು ನಕ್ಕಳು.

ನಾನೂ ನಕ್ಕೆ. ಕೈ ಹಿಂದಕ್ಕೆ ಎಳೆದುಕೊಂಡೆ. ಆದರೆ ಆಮೇಲೆ ಇಡೀ ದಿನ ಮೇಷ್ಟ್ರು ತಲೆಯಿಂದ ಇಳಿಯಲಿಲ್ಲ.

ಬನಶಂಕರಿಯಿಂದ ಹೊಸಕೆರೆಹಳ್ಳಿ ಕಡೆ ಇಳಿಯುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ನಮ್ಮಿಂದ ಒಂದು ಮನೆ ಆಚೆಗೆ ಅವರದು. ಸಿದ್ದಾಪುರದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ರಿಟೈರ್ ಆದವರು. ಬೀದಿಗೆಲ್ಲ ಅವರು ಮೇಷ್ಟ್ರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ನಾನು ಓದಿದ್ದು ಏಳನೇ ಕ್ಲಾಸು. ಜಯನಗರದ ಫುಟ್‌ಪಾತಿನಲ್ಲಿ ಟಾರ್ಪಾಲ್ ಹಾಸಿ ಬ್ಯಾಗು ಮಾರಿ, ಪೊಲೀಸರು ಬಂದಾಗ ಅದನ್ನೇ ಗಂಟು ಕಟ್ಟಿಕೊಂಡು ಓಡಿ, ಕೊನೆಗೊಂದು ಅಂಗಡಿ ಮಾಡಿಕೊಂಡವನು. ಅಂಗಡಿಯ ಬೋರ್ಡು ಬರೆಸುವಾಗ ಪೇಂಟರು ಮಾಡಿದ ಕಾಗುಣಿತದ ತಪ್ಪನ್ನು ರಸ್ತೆಯಲ್ಲೇ ನಿಂತು ತಿದ್ದಿಸಿದವರು ಮೇಷ್ಟ್ರು. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಗಿರಾಕಿ ಅವರೊಬ್ಬರೇ. ಬ್ಯಾಗಿನ ಅಂಟುಪಟ್ಟಿಯನ್ನು ಎರಡು ಸಲ ಕಿತ್ತು ನೋಡುವರು, ಒಳಗೆ ಕೈಹಾಕಿ ಹೊಲಿಗೆ ಸವರುವರು, ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡುವರು. "ಸಾವ್ಕಾರ, ಹೊಲಿಗೆ ಬಿಟ್ಟಿದೆ ಕಣಯ್ಯಾ. ನಂಗೆ ಬೇಡ ಅಂತಲ್ಲ, ಇದನ್ನ ಯಾರಿಗೂ ಮಾರ್ಬೇಡ." ಹಾಗೆ ಹೇಳಿದರೆ ನಾನು ಆ ಮಾಲನ್ನು ನಿಜವಾಗಿಯೂ ವಾಪಸ್ ಕಳಿಸುತ್ತಿದ್ದೆ. ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲವಲ್ಲ. ವ್ಯಾಪಾರಿಗೆ ಅಂಥವರೊಬ್ಬರು ಬೇಕು. ಸುತ್ತಲಿನವರೆಲ್ಲ ಒಂದಲ್ಲ ಒಂದು ರೇಟಿಗಾಗಿ ಮಾತಾಡುವಾಗ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಒಂದು ಬಾಯಿ.

ಅವರ ವರಾಂಡದಲ್ಲಿ ಒಂದು ಬಿಪಿ ಮೆಷಿನ್ ಇತ್ತು. ತಮಗೆ ಬಿಪಿ ಇದ್ದದ್ದರಿಂದ ತಂದುಕೊಂಡಿದ್ದು, ಕ್ರಮೇಣ ಬೀದಿಯದ್ದೇ ಆಗಿಹೋಯಿತು. ಬೆಳಗಿನ ವಾಕಿಂಗ್ ಮುಗಿಸಿದವರು, ಮೂಲೆಯ ಇಸ್ತ್ರಿ ಅಂಗಡಿಯ ಅಕ್ಕ, ಎಲ್ಲರೂ ಅಲ್ಲಿ ತೋಳು ಚಾಚುವವರೇ. ಅವರ ಕಟ್ಟುನಿಟ್ಟು ನೋಡಬೇಕಿತ್ತು. ಬಂದ ತಕ್ಷಣ ಅಳೆಯುತ್ತಿರಲಿಲ್ಲ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಕುರ್ಚಿಯ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಕಾಲಿನ ಮೇಲೆ ಕಾಲು ಹಾಕಿದರೆ "ಕಾಲು!" ಎಂದು ಗದರುವರು. ಕಾಫಿ ಕುಡಿದು ಬಂದವರನ್ನು ಅರ್ಧ ಗಂಟೆ ಬಿಟ್ಟು ಬಾ ಎಂದು ಗೇಟಿನಿಂದಲೇ ಅಟ್ಟುವರು. ಪಟ್ಟಿ ಉಬ್ಬುವಾಗ ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು, ಮೊದಲಿಂದ ಶುರು. ಮೆಷಿನ್ನಿನ ಮುಖ ಮಾತ್ರ ಯಾವಾಗಲೂ ಅವರ ಕಡೆಗೇ ತಿರುಗಿರುತ್ತಿತ್ತು. ಉತ್ತರಪತ್ರಿಕೆ ಹಿಡಿದವರ ಹಾಗೆ ಸ್ವಲ್ಪ ಬಾಗಿ ನೋಡಿ, ಆಮೇಲೆ ಗಟ್ಟಿಯಾಗಿ ಹೇಳುವರು. ನಮಗದು ವಿಚಿತ್ರ ಅನ್ನಿಸಲೇ ಇಲ್ಲ. ಮಾರ್ಕು ಹೇಳುವುದು ಮೇಷ್ಟ್ರ ಕೆಲಸ ತಾನೇ.

ಒಮ್ಮೆ ನಾನು ಅಲ್ಲಿದ್ದಾಗ ಆಟೊ ಓಡಿಸುವವನೊಬ್ಬ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಇಳಿದು ಬಂದು ಅವರ ಕಾಲಿಗೆ ಬಿದ್ದ. "ಸಾರ್, ನೀವ್ ಹಾಕಿದ್ ಮೂರು ಮಾರ್ಕಲ್ಲಿ ಎಂಟನೇ ಕ್ಲಾಸ್ ಪಾಸಾದೋನು ಸಾರ್ ನಾನು. ಅದಕ್ಕೇ ನಂಗ್ ಆಟೊ ಓಡ್ಸೋ ಬ್ಯಾಡ್ಜ್ ಸಿಕ್ಕಿದ್ದು" ಅಂದ. ಅವನು ಹೋದ ಮೇಲೆ ಮೇಷ್ಟ್ರು ನನಗೆ ಹೇಳಿದರು, "ಮೂವತ್ತೆರಡು ಬಂದಿರೋ ಹುಡುಗನಿಗೆ ಇನ್ನು ಮೂರು ಗ್ರೇಸ್ ಹಾಕಿ ಪಾಸ್ ಮಾಡಿದ್ರೆ ನಮ್ಮಪ್ಪನ ಮನೆ ಗಂಟೇನು ಹೋಗತ್ತಯ್ಯಾ?" ನನಗೆ ಎಂಥಾ ಹೊಟ್ಟೆಕಿಚ್ಚಾಯಿತೆಂದರೆ... ಇಂಥ ಮೇಷ್ಟ್ರು ನನಗೂ ಸಿಕ್ಕಿದ್ದರೆ ನಾನೂ ಎಂಟು ದಾಟುತ್ತಿದ್ದೆನಲ್ಲ ಎಂದುಕೊಂಡೆ.

ಹಲ್ಲು ಕೀಳಿಸಲು ಹೋದಾಗ ನನಗೆ ಬಿಪಿ ಜಾಸ್ತಿ ಎಂದು ಗೊತ್ತಾಯಿತು. ಹಲ್ಲಿನ ಡಾಕ್ಟರು ಕೀಳಲು ಒಪ್ಪದೆ ನಮ್ಮ ಮಾಮೂಲಿ ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿನ ಲೇಡಿ ಡಾಕ್ಟರು ಎರಡು ಸಲ ನೋಡಿದರು, ಎರಡು ಸಲವೂ ಮೇಲೆಯೇ ಇತ್ತು. ನಾನು ಅಭ್ಯಾಸಬಲದಿಂದ "ಮೇಡಂ, ಏನಾದ್ರೂ ಸ್ವಲ್ಪ ಕಮ್ಮಿ ಮಾಡ್ಕೊಳಿ" ಅಂದುಬಿಟ್ಟೆ.

"ಇದೇನು ಬ್ಯಾಗಾ ಸ್ವಾಮಿ, ಡಿಸ್ಕೌಂಟ್ ಕೊಡೋಕೆ?" ಎಂದು ಅವರು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಕೆಲವರಿಗೆ ಕ್ಲಿನಿಕ್ಕಿಗೆ ಬಂದ ಭಯಕ್ಕೇ ಏರುವುದುಂಟು. ಇನ್ನು ಕೆಲವರಿಗೆ ಇಲ್ಲಿ ಸರಿಯಿದ್ದು ಮನೆಯಲ್ಲಿ ಏರುವುದೂ ಉಂಟು. ಆದ್ದರಿಂದ ಇಲ್ಲಿ ನೋಡಿದ್ದಷ್ಟೇ ಸಾಲದು. "ಒಂದು ವಾರ ಮನೇಲಿ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರ್ಕೊಂಬನ್ನಿ. ಸರಾಸರಿ ನೂರ ಮೂವತ್ತೈದು, ಎಂಬತ್ತೈದರ ಒಳಗಿದ್ರೆ ಸದ್ಯಕ್ಕೆ ಮಾತ್ರೆ ಬೇಡ. ದಾಟಿದ್ರೆ ಶುರು ಮಾಡೋಣ."

ಮನೆಗೆ ಬಂದು ಹೇಳಿದಾಗ ಹೆಂಡತಿ, "ಒಂದ್ ಮೆಷಿನ್ ತಗೊಂಬನ್ನಿ ರೀ, ಇಬ್ರಿಗೂ ಆಗತ್ತೆ" ಅಂದಳು. ಎರಡು ಹೆಜ್ಜೆ ಆಚೆ ಪಕ್ಕಾ ಮೆಷಿನ್ ಇರುವಾಗ ಒಂದು ವಾರದ ಕೆಲಸಕ್ಕೆ ಇನ್ನೊಂದು ಏಕೆ ಎಂದೆ. ಮೇಷ್ಟ್ರು ತಮ್ಮ ಮೆಷಿನ್ನನ್ನು ವರ್ಷಕ್ಕೊಮ್ಮೆ ಡಾಕ್ಟರ ಮೆಷಿನ್ನಿನ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಅದು ನಿಜವೂ ಆಗಿತ್ತು. ಮೆಷಿನ್ನಿನಲ್ಲಿ ಒಂದು ಕೂದಲೆಳೆಯ ದೋಷವಿರಲಿಲ್ಲ.

ಅವತ್ತು ಸಂಜೆಯೇ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ನೂರ ಮೂವತ್ತೈದು, ಎಂಬತ್ತೈದು ಎನ್ನುವುದನ್ನೂ ಹೇಳಿದೆ. ವ್ಯಾಪಾರಕ್ಕಿಳಿದವರಿಗೆ ಮೊದಲ ಪಾಠವೆಂದರೆ ನಿಮ್ಮ ಕೊನೆಯ ರೇಟನ್ನು ಎದುರಿನವರಿಗೆ ಬಿಟ್ಟುಕೊಡಬಾರದು. ಆದರೆ ಅಲ್ಲಿ ಎದುರಿಗೆ ಯಾರಿದ್ದರು? ಮೇಷ್ಟ್ರಿದ್ದರು.

"ಓಹೋ, ಪಾಸ್ ಮಾರ್ಕು ನೂರ ಮೂವತ್ತೈದೋ" ಅಂದರು ಅವರು. "ಬಾ ನೋಡೋಣ."

ಆ ಒಂದು ವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ, ಸಂಜೆ ಬಾಗಿಲು ಹಾಕಿ ಬಂದ ಮೇಲೆ, ಅವರ ವರಾಂಡದಲ್ಲಿ ಕುಳಿತೆ. ಪಟ್ಟಿ ಸುತ್ತುವರು, ಅದು ಉಬ್ಬಿ ಇಳಿಯುವುದು. ಅವರು ಬಾಗಿ ನೋಡುವರು. "ನೂರ ಮೂವತ್ತೆರಡು, ಎಂಬತ್ತೆರಡು." ನಾನು ಬರೆದುಕೊಳ್ಳುವೆ. "ನೂರ ಮೂವತ್ತು, ಎಂಬತ್ತು." ಬರೆದುಕೊಳ್ಳುವೆ. ನನ್ನದಾದ ಮೇಲೆ ತಮ್ಮ ತೋಳಿಗೆ ಸುತ್ತಿಕೊಳ್ಳುವರು. ಒಂದು ಸಂಜೆ ತಮ್ಮದನ್ನು ನೋಡಿಕೊಂಡು ಮುಖ ಗಂಟಿಕ್ಕಿ, "ನಂದು ಏರಿದೆ ಕಣಯ್ಯಾ, ನೂರ ನಲವತ್ತೆಂಟು. ನಾಳೆ ಡಾಕ್ಟರ ಹತ್ರ ಹೋಗಿ ಮಾತ್ರೆ ಬದಲಾಯಿಸ್ಕೋಬೇಕು" ಅಂದರು.

"ಏನ್ ಮೇಷ್ಟ್ರೇ, ಏಳನೇ ಕ್ಲಾಸಿನೋನು ಪಾಸು, ಮೇಷ್ಟ್ರೇ ಫೇಲು!" ಎಂದು ನಾನು ಗೇಲಿ ಮಾಡಿದೆ. ಅವರು ನಕ್ಕರು. ಆ ನಗುವನ್ನು ಆಮೇಲೆ ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆಂದರೆ... ಇರಲಿ.

ಚೀಟಿ ನೋಡಿದ ಡಾಕ್ಟರು, "ಪರವಾಗಿಲ್ಲ, ಕ್ಲಿನಿಕ್ ಭಯವೇ ಇರ್ಬೇಕು. ಉಪ್ಪು, ಉಪ್ಪಿನಕಾಯಿ ಕಮ್ಮಿ ಮಾಡಿ. ತಿಂಗಳಿಗೊಮ್ಮೆ ಮನೇಲಿ ನೋಡ್ಕೋತಾ ಇರಿ, ಏರಿದ್ರೆ ತಕ್ಷಣ ಬನ್ನಿ" ಅಂದರು. ನನ್ನ ಜಂಬ ಕೇಳಬೇಕೆ? ಬಿಪಿ ಮಾತ್ರೆ ನುಂಗುವ ಗಿರಾಕಿಗಳಿಗೆಲ್ಲ ಉಪದೇಶ ಶುರು ಮಾಡಿದೆ: ಡಾಕ್ಟರು ಹೇಳಿದರೆಂದು ಸುಮ್ಮನೆ ಒಪ್ಪಬೇಡಿ, ಮನೆಯಲ್ಲಿ ನೋಡಿಸಿ. ಮಾತು ಸರಿಯಾದದ್ದೇ. ತಿಂಗಳಿಗೊಮ್ಮೆ ವರಾಂಡಕ್ಕೆ ಹೋಗುತ್ತಿದ್ದೆ. ಮೇಷ್ಟ್ರು ಬಾಗಿ ನೋಡುತ್ತಿದ್ದರು, "ಪಾಸು" ಅನ್ನುತ್ತಿದ್ದರು. ಹೀಗೆ ಒಂದು ವರ್ಷದ ಮೇಲಾಯಿತು.

ಆಮೇಲೊಂದು ಬೆಳಿಗ್ಗೆ ಗಿರಾಕಿಯೊಬ್ಬನಿಗೆ ಜಿಪ್ ತೋರಿಸುತ್ತಿದ್ದೆ. ಬಲಗಣ್ಣಿಗೆ ಧೂಳು ಬಿತ್ತೆಂದು ಅದನ್ನು ಮುಚ್ಚಿದೆ; ಬ್ಯಾಗಿನ ಅಂಚು ಕಾಣುತ್ತಿದೆ, ನಡುವೆ ಜಿಪ್ಪೇ ಇಲ್ಲ. ಎಣ್ಣೆ ಮೆತ್ತಿದ ಗಾಜಿನ ಹಾಗೆ ಮಧ್ಯದಲ್ಲೊಂದು ಮಸುಕು. ಕಣ್ಣುಜ್ಜಿದೆ. ಮತ್ತೆ ಬಲಗಣ್ಣು ಮುಚ್ಚಿ ಗಿರಾಕಿಯನ್ನು ನೋಡಿದೆ. ಅವನ ಕಿವಿ ಕಂಡಿತು, ಭುಜ ಕಂಡಿತು, ಮುಖ ಕಾಣಲಿಲ್ಲ.

ಎಡಗಣ್ಣಿನ ಹಿಂದಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಕಣ್ಣಿನ ಆಸ್ಪತ್ರೆಯಲ್ಲಿ. "ಬಿಪಿ ಇದ್ಯಾ?" ಎಂದು ಅಲ್ಲಿನ ಡಾಕ್ಟರು ಕೇಳಿದರು.

"ಇಲ್ಲ ಸಾರ್. ಮೇಷ್ಟ್ರು ನೋಡಿದಾರೆ."

"ಯಾವ ಮೇಷ್ಟ್ರು?" ಎನ್ನುತ್ತಲೇ ಅವರು ಪಟ್ಟಿ ಸುತ್ತಿದರು. ನೋಡಿದವರು ಇನ್ನೊಂದು ತೋಳಿಗೂ ಸುತ್ತಿದರು. ಎರಡರಲ್ಲೂ ಬಿಪಿ ಜಾಸ್ತಿಯೇ ಇತ್ತು; ನಮ್ಮ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಮತ್ತೆ ನಮ್ಮ ಲೇಡಿ ಡಾಕ್ಟರ ಬಳಿ ಹೋದೆ. ಇದೂ ಭಯದ್ದೇ ಇರಬಹುದು ಎಂದು ನಾನಿನ್ನೂ ವಾದಿಸುತ್ತಿದ್ದೆ. ಅವರು ಚೌಕಾಸಿಗೆ ಬರಲಿಲ್ಲ. ಒಂದು ದಿನ ಪೂರ್ತಿ ಮೈಮೇಲೇ ಇರುವ ಮೆಷಿನ್ ಹಾಕಿಸಿದರು. ಸೊಂಟದಲ್ಲೊಂದು ಪುಟ್ಟ ಡಬ್ಬ, ಅಂಗಿಯೊಳಗೆ ತೋಳಿನ ಪಟ್ಟಿಗೆ ಹೋಗುವ ಕೊಳವೆ. ಆಗಾಗ ತಾನೇ ಉಬ್ಬುತ್ತದೆ, ಮಲಗಿದಾಗಲೂ ಬಿಡುವುದಿಲ್ಲ. ಉಬ್ಬುವಾಗ ತೋಳು ಅಲ್ಲಾಡಿಸಬಾರದು, ಮಾತಾಡಬಾರದು. ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ಕುಳಿತೆ. ಸೂಟ್‌ಕೇಸಿಗೆ ಚೌಕಾಸಿ ಮಾಡುತ್ತಿದ್ದವನೊಬ್ಬ, ನಾನು ತಟ್ಟನೆ ಬೊಂಬೆಯ ಹಾಗೆ ನಿಂತದ್ದನ್ನು ಪಟ್ಟು ಎಂದುಕೊಂಡು ತಾನಾಗಿಯೇ ರೇಟು ಏರಿಸಿದ. ಆ ದಿನದಲ್ಲಿ ನಗು ಬಂದದ್ದು ಅದೊಂದಕ್ಕೇ.

ಮರುದಿನ ಕಂಪ್ಯೂಟರಿನಲ್ಲಿ ಗೆರೆ ತೋರಿಸಿದರು. ಹಗಲಲ್ಲಿ ಮೇಲೆ, ನಿದ್ದೆಯಲ್ಲೂ ಮೇಲೆ. ನಿದ್ದೆಯಲ್ಲಿ ಯಾವ ಡಾಕ್ಟರ ಭಯ? "ಇದು ಇವತ್ತು ನಿನ್ನೆಯದ್ದಲ್ಲ" ಅಂದರು. "ನೀವು ತಂದ ಆ ನಂಬರ್‌ಗಳನ್ನ ನೋಡಿದ್ದು ಯಾರು? ನೀವೇನಾ?"

ಮೆಷಿನ್ನಿನ ಮುಖ ಯಾವ ಕಡೆಗಿರುತ್ತಿತ್ತು ಎನ್ನುವುದು ನನಗೆ ಆಗ ಹೊಳೆಯಿತು. ಆಗ ಮಾತ್ರೆ ಶುರುಮಾಡಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು ಕೇಳಿದೆ. "ಉಳೀತಿತ್ತು ಅಂತ ಬರ್ಕೊಡೋಕೆ ಆಗಲ್ಲ. ಅಪಾಯ ಕಮ್ಮಿ ಇರ್ತಿತ್ತು" ಅಂದರು. ಆ ಹೆಂಗಸು ಆವತ್ತೂ ನನಗೆ ಡಿಸ್ಕೌಂಟ್ ಕೊಡಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ.

ಅಲ್ಲಿಂದ ನೇರವಾಗಿ ವರಾಂಡಕ್ಕೆ ಹೋದೆ. ಮೇಷ್ಟ್ರು ಪೇಪರ್ ಓದುತ್ತಿದ್ದರು. ನಾನು ಕುರ್ಚಿಯಲ್ಲಿ ಕುಳಿತು ತೋಳು ಚಾಚಿದೆ. "ಮೇಷ್ಟ್ರೇ, ಮೆಷಿನ್ನನ್ನ ನನ್ ಕಡೆ ತಿರುಗಿಸಿಡಿ" ಅಂದೆ.

ಅವರಿಗೆ ಆಗಲೇ ಅರ್ಥವಾಗಿರಬೇಕು. ತಿರುಗಿಸಿಟ್ಟರು. ಪಟ್ಟಿ ಸುತ್ತಿದರು. ಆದರೆ ಗುಂಡಿ ಒತ್ತಲಿಲ್ಲ. "ಐದು ನಿಮಿಷ" ಅಂದರು, ಮೆಲ್ಲಗೆ. ನಾನು ಕೂಗಾಡಲೆಂದೇ ಹೋದವನು. ಆದರೂ ಆ ಐದು ನಿಮಿಷ ಇಬ್ಬರೂ ಬಾಯಿ ಬಿಡದೆ ಕುಳಿತೆವು. ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ. ಅಷ್ಟು ವರ್ಷಗಳ ಅಭ್ಯಾಸ ನೋಡಿ... ಕೋಪವೂ ಅವರ ನಿಯಮಕ್ಕೆ ಕಾದು ಕುಳಿತಿತ್ತು.

ಆಮೇಲೆ ಪಟ್ಟಿ ಉಬ್ಬಿತು, ಇಳಿಯಿತು. ನೂರ ಅರವತ್ತೆಂಟು.

"ಮೊದ್ಲಿಂದ್ಲೂ ಹೀಗೇ ಇತ್ತಾ?"

"ಇಷ್ಟಿರ್ಲಿಲ್ಲ. ಆ ವಾರ ನಲವತ್ತೈದು, ಒಂದೊಂದ್ಸಲ ಐವತ್ತು... ಒಂದ್ಹತ್ತರಲ್ಲಿ ಫೇಲ್ ಆಗ್ತಿದ್ದೆ ಕಣಪ್ಪಾ ನೀನು."

"ಅದಕ್ಕೆ ಗ್ರೇಸ್ ಹಾಕಿದ್ರಾ?"

"ನಿನ್ನ ಮುಖ ನೀನ್ ನೋಡ್ಕೊಂಡಿಲ್ಲ. ಪಟ್ಟಿ ಉಬ್ಬುವಾಗ ನೀನು ರಿಸಲ್ಟ್ ಬೋರ್ಡಿನ ಮುಂದೆ ನಿಂತಿರೋ ಹುಡುಗನ ಥರ ನೋಡ್ತಿದ್ದೆ. ಫೇಲು ಅನ್ನೋಕೆ ಬಾಯಿ ಬರಲಿಲ್ಲ. ಉಪ್ಪು ಬಿಟ್ರೆ ಇಳಿಯತ್ತೆ, ಮುಂದಿನ ತಿಂಗಳು ನಿಜವಾಗ್ಲೂ ಪಾಸಾಗ್ತೀಯ ಅನ್ಕೊಂಡೆ."

"ಮುಂದಿನ ತಿಂಗಳೂ ಇಳೀಲಿಲ್ವಲ್ಲ. ಆಗ ಹೇಳ್ಬಹುದಿತ್ತಲ್ಲ?"

"ಒಂದ್ಸಲ ಪಾಸ್ ಅಂದ್ಮೇಲೆ..." ಎಂದು ಅವರು ನಿಲ್ಲಿಸಿದರು. "ಹೇಗಯ್ಯಾ ಹೇಳೋದು, ಹೋದ್ಸಲ ಕೊಟ್ಟಿದ್ದು ಸುಳ್ಳು ಅಂತ?"

ಇಷ್ಟರವರೆಗೆ ನನಗೆ ಕೋಪ ಮಾತ್ರ ಇತ್ತು. ಅಷ್ಟರಲ್ಲಿ ಮೇಜಿನ ಮೇಲೆ, ಪೇಪರಿನ ಪಕ್ಕ, ಅವರ ಬಿಪಿ ಮಾತ್ರೆಯ ಸ್ಟ್ರಿಪ್ ಕಂಡಿತು. ಆವತ್ತಿನ ನೂರ ನಲವತ್ತೆಂಟು ನೆನಪಾಯಿತು. ನನಗೆ ಪಾಸು ಎಂದ ಅದೇ ಸಂಜೆ, ಅದೇ ಮೆಷಿನ್ನಿನಲ್ಲಿ, ಅಷ್ಟೇ ನಂಬರಿಗೆ ತಮ್ಮನ್ನು ಫೇಲ್ ಮಾಡಿಕೊಂಡು ಮರುದಿನವೇ ಡಾಕ್ಟರ ಬಳಿ ಓಡಿದ್ದರು.

"ನಿಮಗ್ಯಾಕೆ ಹಾಕ್ಕೊಳ್ಲಿಲ್ಲ ಮೇಷ್ಟ್ರೇ ಗ್ರೇಸು?"

ಅವರು ನನ್ನ ತೋಳಿನ ಪಟ್ಟಿಯ ಅಂಚನ್ನು ನೆಟ್ಟಗೆ ಮಾಡಿದರು. "ಮೇಷ್ಟ್ರಿಗೆ ಗ್ರೇಸ್ ಇರಲ್ಲ ಕಣಪ್ಪಾ" ಅಂದರು.

ಅವರ ಪ್ರಕಾರ ಅದು ತ್ಯಾಗದ ಮಾತೇನೋ. ನನ್ನ ಕಿವಿಗೆ ಬೇರೆಯೇ ಕೇಳಿಸಿತು. ನಿಜವನ್ನೂ ಮಾತ್ರೆಯನ್ನೂ ತಮಗಿಟ್ಟುಕೊಂಡು, ಕರುಣೆಯನ್ನು ನನಗೆ ಕೊಟ್ಟಿದ್ದರು. ನನ್ನ ಬ್ಯಾಗಿನ ಹೊಲಿಗೆ ಬಿಟ್ಟರೆ ಹೇಳುತ್ತಿದ್ದ ಬಾಯಿ ಅದೇ. ಪಟ್ಟಿಯನ್ನು ನಾನೇ ಚರ್ರನೆ ಕಿತ್ತು ಮೇಜಿನ ಮೇಲಿಟ್ಟು ಬಂದೆ. ಮತ್ತೆ ಆ ಗೇಟು ದಾಟಲಿಲ್ಲ.

ಬೀದಿಯವರಿಗೆ ಹೇಳಿದೆ. ಹೇಳಲೇಬೇಕಿತ್ತು; ಅವರ ತೋಳುಗಳೂ ಅಲ್ಲಿದ್ದವಲ್ಲ. ಇಸ್ತ್ರಿ ಅಂಗಡಿಯ ಅಕ್ಕ ಪೆಟ್ಟಿಗೆ ಒತ್ತುವುದನ್ನು ನಿಲ್ಲಿಸಿ, "ನಂಗೂ ಪಾಸು ಅಂತಾನೇ ಅಂತಿದ್ರು ಕಣಣ್ಣ" ಅಂದಳು, ನಿಜವೋ ಗ್ರೇಸೋ ಎಂದು ತಿಳಿಯದೆ. ಮರುದಿನವೇ ಕ್ಲಿನಿಕ್ಕಿಗೆ ಹೋಗಿ ಬಂದಳು. ಅವಳದು ನಿಜವಾಗಿಯೂ ಸರಿಯಿತ್ತು. ಆದರೂ ಆಮೇಲೆ ಅವಳು ಅಲ್ಲಿಗೆ ಹೋಗಲಿಲ್ಲ. ಯಾರೂ ಹೋಗಲಿಲ್ಲ. ಮೇಷ್ಟ್ರು ಮಾತ್ರ ಬೆಳಿಗ್ಗೆ ಮೆಷಿನ್ ಹೊರಗಿಟ್ಟುಕೊಂಡು ಕೂರುತ್ತಿದ್ದರು. ಮೆಷಿನ್ನಿನ ಮುಖ ಈಗ ಗೇಟಿನ ಕಡೆಗೆ ತಿರುಗಿರುತ್ತಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ನನ್ನ ಅಂಗಡಿಯಲ್ಲೇ. ಮಗಳ ಮನೆಗೆ, ಮೈಸೂರಿಗೆ ಹೋಗಿ ಇರುತ್ತೇನೆ, ಒಂದು ಕೈಚೀಲ ಬೇಕು ಎಂದು ಬಂದರು. ಒಂದನ್ನು ಆರಿಸಿ ಅಂಟುಪಟ್ಟಿಯನ್ನು ಎರಡು ಸಲ ಕಿತ್ತು ನೋಡಿದರು. ಒಳಗೆ ಕೈಹಾಕಿದರು. ರೇಟು ಹೇಳಿದೆ. ಚೌಕಾಸಿ ಮಾಡಲಿಲ್ಲ. ಮಾಡಿದ್ದರೆ ಬಿಡುತ್ತಿದ್ದೆನೋ ಏನೋ... ಮಾಡಲಿಲ್ಲ, ನಾನೂ ಬಿಡಲಿಲ್ಲ.

"ಬಾಳಿಕೆ ಬರತ್ತೇನಯ್ಯಾ?" ಎಂದು ಕೇಳಿದರು.

"ಹೊಲಿಗೆ ಗಟ್ಟಿ. ಜಿಪ್ಪು ಸುಮಾರು" ಅಂದೆ. ಇದ್ದದ್ದು ಅದೇ.

ತಲೆಯಾಡಿಸಿದರು. ಹೊರಟವರು ಮೆಟ್ಟಿಲ ಬಳಿ ನಿಂತು, ತಿರುಗದೆಯೇ ಕೇಳಿದರು, "ಕಣ್ಣು ಹೇಗಿದೆ?"

"ಪಾಸಾಗಿದೆ ಮೇಷ್ಟ್ರೇ."

ಅವರು ಚೀಲವನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರು. ಆಮೇಲೆ ಮೆಟ್ಟಿಲಿಳಿದು ಹೋದರು. ಆರು ತಿಂಗಳೂ ಆಗಿರಲಿಲ್ಲ, ಮೇಷ್ಟ್ರು ಹೋಗಿಬಿಟ್ಟರೆಂದು ಮೈಸೂರಿನಿಂದ ಸುದ್ದಿ ಬಂತು. ಹೆಂಡತಿ ಹೋಗಿ ಬಂದಳು. ನಾನು ಸೀಸನ್ನು, ಸ್ಕೂಲ್ ಬ್ಯಾಗಿನ ವ್ಯಾಪಾರ ಎಂದು ಹೇಳಿ ಉಳಿದೆ.

ಈಗ ನನ್ನ ಮನೆಯಲ್ಲೇ ಮೆಷಿನ್ ಇದೆ. ಮಾತ್ರೆಯಿದೆ. ಕೊಳ್ಳುವವರಿಗೆ ಬಿಟ್ಟಿ ಸಲಹೆ: ಮಣಿಕಟ್ಟಿನದು ಬೇಡ, ತೋಳಿನದೇ ತೆಗೆದುಕೊಳ್ಳಿ. ಪಟ್ಟಿ ನಿಮ್ಮ ತೋಳಿನ ಸುತ್ತಳತೆಗೆ ಸರಿಹೋಗುತ್ತದೆಯೇ ನೋಡಿ. ಡಾಕ್ಟರ ಬಳಿ ಒಯ್ದು ಒಮ್ಮೆ ತಾಳೆ ಮಾಡಿಸಿ. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಅಳೆಯಿರಿ. ಮತ್ತು ಅದರ ಮುಖ ನಿಮ್ಮ ಕಡೆಗಿರಲಿ. ನಿಮ್ಮನ್ನು ಎಷ್ಟೇ ಪ್ರೀತಿಸುವವರಾಗಲಿ, ನಿಮ್ಮ ಪರವಾಗಿ ಅವರು ಓದುವುದು ಬೇಡ. ಇದರಲ್ಲಿ ಕೊನೆಯ ಎರಡನ್ನು ಮೇಷ್ಟ್ರು ಹೇಳಿಕೊಡಲಿಲ್ಲ, ಆದರೂ ಎಲ್ಲವನ್ನೂ ನಾನು ಕಲಿತದ್ದು ಆ ವರಾಂಡದಲ್ಲೇ.

ಮೊನ್ನೆ ಅದೇ ಸಂಜೆ ಅಂಗಡಿ ಮುಚ್ಚಿ ಬರುವಾಗ ಅವರ ಮನೆಯ ಮುಂದೆ ನಿಂತೆ. ಬಾಡಿಗೆಗೆ ಬೇರೆಯವರು ಬಂದಿದ್ದಾರೆ, ಆದರೂ ಆ ಕುರ್ಚಿಯನ್ನು ಯಾಕೋ ಅಲ್ಲೇ ಬಿಟ್ಟಿದ್ದಾರೆ. ದಿನವೂ ಯಾವುದಾದರೊಂದು ವಸ್ತು ಹಿಡಿದು ಎಡಗಣ್ಣನ್ನು ಪರೀಕ್ಷಿಸಿಕೊಳ್ಳುವುದು ಈಗ ನನ್ನ ಅಭ್ಯಾಸ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಕುರ್ಚಿಯನ್ನೇ ದಿಟ್ಟಿಸಿದೆ. ಗೇಟು ಕಂಡಿತು. ತುಳಸಿ ಕುಂಡ ಕಂಡಿತು. ವರಾಂಡದ ಎರಡೂ ಕಂಬ ಕಂಡವು. ನಡುವೆ ಮಸುಕು... ಅಲ್ಲಿ ಯಾರಾದರೂ ಕುಳಿತಿದ್ದರೂ ನನಗೆ ಕಾಣುತ್ತಿರಲಿಲ್ಲ. ಆದರೂ ಸ್ವಲ್ಪ ಹೊತ್ತು ಕೈ ತೆಗೆಯದೆ ಹಾಗೇ ನಿಂತಿದ್ದೆ.